ಕುದುರೆ ಲಾಯದಿಂದ ಬಂದ ಮಾತು

ಕಪಿಲೆಯ ದಂಡೆಯ ಆ ಆಶ್ರಮದಲ್ಲಿ ಸಣ್ಣಮ್ಮನ ಬಾಯಿಗೆ ಹೆದರದವರು ಇರಲಿಲ್ಲ.

ಅಡುಗೆಮನೆ ಅವಳದು. ಮೂವತ್ತು ವರ್ಷದಿಂದ ದಾಸೋಹಕ್ಕೆ ಅನ್ನ ಬೇಯಿಸಿದವಳು. ಊಟಕ್ಕೆ ತಡವಾದರೆ ಗುರು ರೇವಣಯ್ಯನವರನ್ನೂ ಬಿಡುತ್ತಿರಲಿಲ್ಲ.

"ಏನ್ ಬುದ್ದಿ, ದ್ಯಾನ ಅಂತ ಕಣ್ಮುಚ್ಚಿ ನಿದ್ದೆ ಹೊಡುದ್ರಾ? ಮುದ್ದೆ ಆರಿ ಕಲ್ಲಾಗೋಯ್ತು. ಇನ್ನ ಅದ್ಕೇ ಪೂಜೆ ಮಾಡ್ಕಳಿ!"

ಗುರುಗಳು ನಗುತ್ತಾ ಕಲ್ಲಾದ ಮುದ್ದೆಯನ್ನೇ ಮುರಿದು ನುಂಗುತ್ತಿದ್ದರು.

ಅವರಿಗೆ ಎಂಬತ್ತು ದಾಟಿತ್ತು. ಎಡಗೈಯಲ್ಲಿ ಎರಡು ಬೆರಳಿರಲಿಲ್ಲ. ಕಾವಿ ಉಡುವ ಮೊದಲು ಯಾರೋ ಅರಸರ ಲಾಯದಲ್ಲಿ ಕುದುರೆ ಪಳಗಿಸುತ್ತಿದ್ದರಂತೆ. ಬೆರಳೆಲ್ಲಿ ಹೋದವು ಎಂದು ಕೇಳುವ ಧೈರ್ಯ ಶಿಷ್ಯರಿಗಿರಲಿಲ್ಲ. ಸಣ್ಣಮ್ಮ ಒಮ್ಮೆ ಕೇಳಿದ್ದಳಂತೆ. ಏನು ಉತ್ತರ ಬಂತೋ, ಅದನ್ನು ಮಾತ್ರ ಅವಳು ಯಾರಿಗೂ ಹೇಳಲಿಲ್ಲ.

ಶಿಷ್ಯರಲ್ಲಿ ಪರಶಿವನೇ ಹಿರಿಯ. ಹನ್ನೊಂದು ವರ್ಷದಿಂದ ಅಲ್ಲಿದ್ದ. ಒಂದು ದಿನ ಗುರುಗಳು ಅವನನ್ನು ಕರೆದರು.

"ನನ್ನ ಕಾಲು ಸೋತವಪ್ಪ. ದೀಪಾವಳಿಗೆ ಆಶ್ರಮದ ಬೀಗದ ಕೈ ನಿಂಗೆ ಕೊಡ್ತೀನಿ. ಅದಕ್ಕೆ ಮೊದಲು ಒಂದು ತಿಂಗಳು ನಡೆಸಿ ತೋರಿಸು."

ಪರಶಿವ ಪಾದ ಮುಟ್ಟಿದ. ಮಾರನೇ ದಿನವೇ ಮೈಸೂರಿಗೆ ಹೋಗಿ ಮೂರು ದಿನದ ತರಬೇತಿ ಮುಗಿಸಿಕೊಂಡು ಬಂದ. ಬರುವಾಗ ಕಂಕುಳಲ್ಲಿ ಒಂದು ಬೋರ್ಡು ತಂದಿದ್ದ. ನೀಲಿ ಬಣ್ಣದ ಮೇಲೆ ಬಿಳಿ ಅಕ್ಷರ: ಮ್ಯಾನೇಜರ್.

ಗುರುಗಳು ಅದನ್ನು ದೂರ ಹಿಡಿದು ನೋಡಿದರು.

"ಹಂಗಂದ್ರೆ ಏನಪ್ಪ?"

"ನಿರ್ವಾಹಕ ಅಂತ, ಗುರುಗಳೇ."

"ಬಸ್ಸಲ್ಲಿ ಟಿಕೆಟ್ ಹರಿಯೋನ ಸೀಟಿನ ಮೇಲೂ ಹಂಗೇ ಬರೆದಿರ್ತಾರೆ."

"ಹಾಗಲ್ಲ... ಜನರಿಂದ ಕೆಲಸ ತೆಗೆಯುವವನು."

ಗುರುಗಳ ಮುಖದ ನಗು ಇಳಿಯಿತು.

"ಇದು ಕುದುರೆ ಲಾಯದಿಂದ ಬಂದ ಮಾತು ಕಣೋ. ತಿಂಗಳು ತುಂಬಲಿ, ಹೇಳ್ತೀನಿ."

ಪರಶಿವನಿಗೆ ಅದು ಮುದುಕರ ತಮಾಷೆ ಅನ್ನಿಸಿತು. ಮೊಳೆ ಹೊಡೆದು ಬೋರ್ಡು ಹಾಕಿದ.

ಆಶ್ರಮದ ಚಹರೆಯೇ ಬದಲಾಯಿತು. ಗಂಟೆಗೆ ಸರಿಯಾಗಿ ಕೆಲಸ, ಗಂಟೆಗೆ ಸರಿಯಾಗಿ ಊಟ. ಕೆಲಸದ ವೇಳೆ ಯಾರೂ ಮಾತಾಡುವಂತಿಲ್ಲ. ಏನೇ ದೂರಿದ್ದರೂ ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕಬೇಕು. ಪೆಟ್ಟಿಗೆಯ ಬಾಗಿಲು ತೆಗೆಯುವುದು ಸೋಮವಾರ ಮಾತ್ರ. ಮೊನ್ನೆ ಮೊನ್ನೆಯವರೆಗೂ 'ಪರಶಿವಣ್ಣ' ಆಗಿದ್ದವನನ್ನು ಈಗ 'ಸಾರ್' ಎನ್ನಬೇಕು.

ಸಣ್ಣಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದ್ನಂತೆ! ಓದು ಬಾರ್ದೋಳು ನಾನು, ಚೀಟಿ ಎಲ್ ಬರೀಲಪ್ಪ? ಬೂದಿ ಮ್ಯಾಲಾ?"

ಎಲ್ಲರೂ ನಕ್ಕರು. ಪರಶಿವನ ಕಿವಿ ಕೆಂಪಾಯಿತು.

"ಯಾರ ಕೈಲಾದ್ರೂ ಬರೆಸಿ ಹಾಕಿ. ನಿಯಮ ಅಂದ್ರೆ ಎಲ್ಲರಿಗೂ ನಿಯಮ."

ಆ ವಾರವೇ ಸಣ್ಣಮ್ಮ ಬಂದು ಹೇಳಿದಳು, "ದೊಡ್ಡ ಕೊಪ್ಪರಿಗೆ ಕಡ ಅಲ್ಲಾಡ್ತದೆ ಕನಪ್ಪ. ಕಂಚುಗಾರರ್ನ ಕರ್ಸು."

ಕೊಪ್ಪರಿಗೆಯ ಎರಡು ಬದಿಯ ಬಳೆಯಂಥ ಕಡಗಳಿಗೆ ಬಿದಿರು ತೂರಿಸಿ ಇಬ್ಬರು ಹೊತ್ತರೇ ಇನ್ನೂರು ಜನರ ಅನ್ನ ಒಲೆಯಿಂದ ಇಳಿಯುವುದು. ಪರಶಿವನಿಗೂ ಅದು ಗೊತ್ತಿತ್ತು.

"ಚೀಟಿ," ಎಂದ.

ಎರಡು ದಿನ ಬಿಟ್ಟು ಮತ್ತೆ ಬಂದಳು. "ಕಡ ಇನ್ನೂ ಸಡಿಲ ಆಗದೆ ಕನಪ್ಪ."

"ಚೀಟಿ, ಸಣ್ಣಮ್ಮ."

ಮೂರನೇ ಸಲ ಅವಳು ಊಟದ ಪಂಕ್ತಿಯ ನಡುವೆಯೇ ಕೂಗಿದಳು. "ಕಿವಿಗೆ ಹತ್ತಿ ಇಟ್ಕಂಡಿದ್ದಿಯಾ? ಕಡ ಕಿತ್ಕಂಡ್ರೆ ಯಾರಪ್ಪ ಹೊಣೆ?"

ಭಕ್ತರು ತಿರುಗಿ ನೋಡಿದರು. ಪರಶಿವನಿಗೆ ಎಲ್ಲರೆದುರು ಬಟ್ಟೆ ಬಿಚ್ಚಿದಂತಾಯಿತು. ಇವಳನ್ನು ಈಗ ಬಗ್ಗಿಸದಿದ್ದರೆ ಯಾರೂ ಬಗ್ಗುವುದಿಲ್ಲ ಎಂದುಕೊಂಡ.

"ನಾಳೆ ಅಡುಗೆಮನೆಗೆ ಕಾಲಿಡಬೇಡಿ. ಜಗಲಿ ಮೇಲೆ ಕೂತಿರಿ," ಎಂದ.

ಮೂವತ್ತು ವರ್ಷದಲ್ಲಿ ಮೊದಲ ಸಲ ಸಣ್ಣಮ್ಮ ಒಲೆ ಬಿಟ್ಟು ಇಡೀ ದಿನ ಜಗಲಿಯಲ್ಲಿ ಕೂತಳು. ಊಟಕ್ಕೆ ಬಂದವರೆಲ್ಲ ಅವಳನ್ನು ದಾಟಿಕೊಂಡೇ ಹೋದರು. ಕೆಲವರು ಯಾಕೆಂದು ಕೇಳಿದರು. ಅವಳು ಸೆರಗಿನ ಅಂಚು ಸುರುಳಿ ಸುತ್ತುತ್ತಾ ಕೂತಿದ್ದಳು.

ಅದರ ಮಾರನೇ ದಿನದಿಂದ ಅಡುಗೆಮನೆಯಲ್ಲಿ ಸೌಟಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಏನು ಹೇಳಿದರೂ ಅವಳದು ಒಂದೇ ಮಾತು. "ಆಯ್ತು ಸಾರ್."

ಪರಶಿವ ಹಿಗ್ಗಿದ. ಇಪ್ಪತ್ತನೇ ದಿನ ಗುರುಗಳ ಬಳಿ ಬಂದ.

"ನೋಡಿದ್ರಾ ಗುರುಗಳೇ? ಎರಡು ವಾರದಿಂದ ಪೆಟ್ಟಿಗೆಯಲ್ಲಿ ಒಂದೇ ಒಂದು ಚೀಟಿ ಇಲ್ಲ. ಯಾರಿಗೂ ಯಾವ ದೂರೂ ಇಲ್ಲ."

"ಸಣ್ಣಮ್ಮನಿಗೂ?"

"ಸಣ್ಣಮ್ಮನಿಗೂ!"

ಅಂದು ಗುರುಗಳು ಬೇಕೆಂದೇ ಊಟಕ್ಕೆ ತಡ ಮಾಡಿದರು. ಎಲೆಯ ಮುಂದೆ ಕೂತು ಕೇಳಿದರು, "ಮುದ್ದೆ ಕಲ್ಲಾಗಿಲ್ವೇನಮ್ಮ ಇವತ್ತು?"

"ಇಲ್ಲ ಬುದ್ದಿ," ಎಂದು ಸಣ್ಣಮ್ಮ ತಲೆತಗ್ಗಿಸಿ ಸಾರು ಬಡಿಸಿದಳು.

ಗುರುಗಳ ಕೈ ಎಲೆಯ ಮೇಲೇ ನಿಂತುಬಿಟ್ಟಿತು. ಏನೋ ಹೇಳಲು ಬಾಯಿ ತೆರೆದರು. ಗೋಡೆಯ ಮೇಲಿನ ಬೋರ್ಡು ನೋಡಿ ಸುಮ್ಮನಾದರು.

ಇಪ್ಪತ್ತಾರನೇ ದಿನ ಮಧ್ಯಾಹ್ನ ಕಡ ಕಿತ್ತುಕೊಂಡು ಬಂತು.

ಕುದಿಯುವ ಗಂಜಿ ನೆಲಕ್ಕೆ ಸುರಿಯಿತು. ಬಿದಿರು ಹೊತ್ತ ಇಬ್ಬರು ಹಿಂದಕ್ಕೆ ಹಾರಿದರು. ಎದುರಿಗೆ ನಿಂತಿದ್ದ ಸಣ್ಣಮ್ಮನಿಗೆ ಹಾರುವ ವಯಸ್ಸಲ್ಲ.

ಅವಳ ಎರಡು ಕಾಲೂ ಮೊಣಕಾಲಿನವರೆಗೆ ಬೆಂದುಹೋದವು.

ಪರಶಿವ ಓಡಿ ಬಂದ. ಸಣ್ಣಮ್ಮ ಅನ್ನದ ನಡುವೆ ಕುಸಿದು ಕೂತಿದ್ದಳು. ಕಿರುಚಲಿಲ್ಲ. ಅವನನ್ನು ಕಂಡೊಡನೆ ಏಳಲು ಹೋದಳು. ಎರಡು ಕೈಯನ್ನೂ ಜೋಡಿಸಿದಳು.

"ತಪ್ಪಾಯ್ತು ಸಾರ್. ಚೀಟಿ ಬರ್ಸಿ ಹಾಕ್ಬೇಕಾಗಿತ್ತು."

ಬಾಗಿಲಲ್ಲಿ ನಿಂತಿದ್ದ ಗುರುಗಳು ಆ ಮಾತು ಕೇಳಿಸಿಕೊಂಡರು. ಬೆಂದ ಕಾಲು ಕಂಡಾಗ ಕುಗ್ಗದ ಮುದುಕರು ಆ ಮಾತಿಗೆ ಬಾಗಿಲ ಚೌಕಟ್ಟು ಹಿಡಿದುಕೊಂಡರು.

ಪಕ್ಕದೂರಿನಿಂದ ಡಾಕ್ಟರು ಬಂದು ಹೋದರು. ಜೀವಕ್ಕೆ ಭಯವಿಲ್ಲ, ಆದರೆ ನಡೆಯಲು ತಿಂಗಳುಗಳೇ ಬೇಕು ಎಂದರು. ಸಣ್ಣಮ್ಮನನ್ನು ಜಗಲಿಯ ಪಕ್ಕದ ಕೋಣೆಯಲ್ಲಿ ಮಲಗಿಸಿದರು.

ಹೊತ್ತು ಇಳಿಯುವ ಮೊದಲು ಗುರುಗಳು ಪರಶಿವನನ್ನು ಹೊಳೆಯ ಮೆಟ್ಟಿಲಿಗೆ ಕರೆದರು. ಅಟ್ಟದ ಮೇಲಿದ್ದ ಒಂದು ಗಂಟು ತಂದಿದ್ದರು. ಬಿಚ್ಚಿದರು. ಒಳಗೆ ಕಬ್ಬಿಣದ ಹಳೆಯ ಕಡಿವಾಣ, ಅದರ ಎರಡು ತುದಿಗೆ ತೊಗಲಿನ ಲಗಾಮು.

"ಬಯ್ಯಿರಿ ಗುರುಗಳೇ. ಹೊಡೆಯಿರಿ," ಎಂದ ಪರಶಿವ.

ಗುರುಗಳು ಬಯ್ಯಲಿಲ್ಲ. ಕಡಿವಾಣವನ್ನು ಹೊಳೆಯ ನೀರಲ್ಲಿ ತೊಳೆದು ತಮ್ಮ ಬಾಯಿಗೇ ಇಟ್ಟುಕೊಂಡರು.

"ಅಯ್ಯೋ! ಏನು ಮಾಡ್ತಿದ್ದೀರಿ?"

ಮುದುಕರು ಲಗಾಮನ್ನು ಅವನ ಕೈಗೆ ಕೊಟ್ಟು ಬೆನ್ನು ತಿರುಗಿಸಿ ನಿಂತರು. ನಡೆಸು ಎಂದು ಕೈ ಬೀಸಿದರು.

"ನನ್ನಿಂದ ಆಗಲ್ಲ. ಇದು ಪಾಪ."

ಗುರುಗಳು ಕಾಯಲಿಲ್ಲ. ಒಂದು ಮೆಟ್ಟಿಲು ಇಳಿದರು. ಇನ್ನೊಂದು ಇಳಿದರು. ಕೆಳಗಿನ ಮೆಟ್ಟಿಲುಗಳಲ್ಲಿ ಪಾಚಿ ಕಟ್ಟಿತ್ತು, ಅದರಾಚೆ ಮಡು. ಪರಶಿವನ ಕೈ ಬೆವರಿತು. ಲಗಾಮು ಜಾರದಿರಲೆಂದು ಅದನ್ನು ಅಂಗೈಗೆ ಒಂದು ಸುತ್ತು ಸುತ್ತಿದ. ಮತ್ತೊಂದು ಸುತ್ತು ಸುತ್ತಿದ.

ಗುರುಗಳ ಕಾಲು ಪಾಚಿಯ ಮೇಲೆ ಜಾರಿತು.

ಪರಶಿವ ಇದ್ದ ಬಲವನ್ನೆಲ್ಲ ಹಾಕಿ ಎಳೆದ.

ಮುದುಕರು ಮೆಟ್ಟಿಲ ಮೇಲೆ ಕೂತುಬಿಟ್ಟರು. ಗಡ್ಡದ ಬಿಳಿ ಕೂದಲೊಳಗಿಂದ ರಕ್ತ ಇಳಿಯಿತು.

ಪರಶಿವ ಬಿಕ್ಕಿ ಬಿಕ್ಕಿ ಅತ್ತ. ಹನ್ನೊಂದು ವರ್ಷ ಯಾರ ಪಾದ ತೊಳೆದು ತೀರ್ಥ ಕುಡಿದಿದ್ದನೋ ಅವರ ಬಾಯಿಯನ್ನು ಅವನೇ ಸೀಳಿದ್ದ.

ಗುರುಗಳು ಕಡಿವಾಣ ತೆಗೆದರು. ಬಾಯಿ ಮುಕ್ಕಳಿಸಿದರು. ಆಮೇಲೆ ಅವನ ಕೈ ಹಿಡಿದು ಲಗಾಮಿನ ಸುತ್ತುಗಳನ್ನು ಒಂದೊಂದಾಗಿ ಬಿಡಿಸಿದರು. ಅವನ ಬೆರಳುಗಳು ನೀಲಿಗಟ್ಟಿದ್ದವು.

"ನಾನೂ ಹಿಂಗೇ ಸುತ್ಕೊಂಡಿದ್ದೆ," ಎಂದರು.

ಪರಶಿವ ಅವರ ಎಡಗೈ ನೋಡಿದ.

"ಮಲ್ಲಿಗೆ ಅಂತ ಒಂದು ಬಿಳಿ ಹೆಣ್ಣುಕುದುರೆ. ಹಳ್ಳದ ಮೇಲೆ ಮರದ ಸೇತುವೆ. ಅವಳು ಕಾಲಿಡಲಿಲ್ಲ. ಮೂರು ಸಲ ತಲೆ ಕೊಡವಿದಳು. ಅರಸರು ನೋಡ್ತಾ ಇದ್ರು, ನಂಗೆ ಅವಮಾನ ಆಯ್ತು. ಲಗಾಮನ್ನ ಕೈಗೆ ಸುತ್ತಿ ಎಳೆದು ಬಗ್ಗಿಸ್ದೆ. ಬಗ್ಗಿದಳು. ಸೇತುವೆ ಹಲಗೆ ಲಡ್ಡಾಗಿತ್ತು, ಮುರೀತು. ಅವಳು ಬಿದ್ದಳು, ಲಗಾಮು ನನ್ನ ಕೈಲೇ ಬಿಗೀತು."

ತಮ್ಮ ಎಡಗೈಯನ್ನು ಅವನ ಮುಂದೆ ಚಾಚಿದರು.

"ನಂಗೆ ಎರಡು ಬೆರಳು ಹೋದವು. ಅವಳ ನಾಲಿಗೆ ತುಂಡಾಯ್ತು."

ಗುರುಗಳು ಕಡಿವಾಣವನ್ನು ಮತ್ತೆ ಗಂಟಿನೊಳಗೆ ಇಟ್ಟರು.

"ಲಾಯದಲ್ಲಿ ಒಬ್ಬ ಮುದುಕ ಇಂಗ್ಲಿಷಿನವನಿದ್ದ. ನಂಗೆ ಕೆಲಸ ಕಲಿಸಿದೋನು. ಇಟಲಿ ದೇಶದವರು ಕೈಗೆ ಮಾನೋ ಅಂತಾರಂತೆ. ಕುದುರೇನ ಕೈಯಲ್ಲಿ ಪಳಗಿಸೋದಕ್ಕೆ ಆ ಮಾತಿಂದಲೇ ಹೆಸರಿಟ್ರಂತೆ. ಅವರಿಂದ ಕಲಿತ ಇಂಗ್ಲಿಷಿನ ಸವಾರರೂ ಮ್ಯಾನೇಜ್ ಅಂದ್ರು. ಮೊದಮೊದಲು ಅದು ಕುದುರೆ ಮಾತೇ. ಆಮೇಲೆ ಮನೆ ನಡೆಸೋರು ಎತ್ಕೊಂಡ್ರು, ನಾಟಕದ ಕಂಪನಿಯವರು ಎತ್ಕೊಂಡ್ರು, ಕಾರ್ಖಾನೆಯವರೂ ಎತ್ಕೊಂಡ್ರು. ಮಾತು ಕುದುರೆ ಮೇಲಿಂದ ಇಳಿದು ಮನುಷ್ಯರ ಮೇಲೆ ಹತ್ತಿ ಕೂತ್ಕೊಳ್ತು."

"ಹಾಗಾದರೆ ಕೆಟ್ಟ ಮಾತೇ ಗುರುಗಳೇ? ಬೋರ್ಡು ಈಗಲೇ ಕಿತ್ತು ಹೊಳೆಗೆ ಎಸೀತೀನಿ."

"ಬೋರ್ಡು ಏನು ಮಾಡ್ತಪ್ಪ, ಪಾಪ." ಗುರುಗಳು ಮತ್ತೆ ರಕ್ತ ಉಗಿದರು. "ನನ್ನ ಕೈಗೆ ಬಟ್ಟೆ ಕಟ್ತಾ ಆ ಮುದುಕ ಬೈದಿದ್ದು ಇವತ್ತಿಗೂ ಕಿವೀಲದೆ. ಮೂರ್ಖ, ಕೈ ಇರೋದು ಎಳೆಯೋಕೆ ಅಂದ್ಕೊಂಡ್ಯಾ? ಕುದುರೆ ಬಾಯಿ ಏನು ಹೇಳ್ತದೆ ಅಂತ ಕೇಳಿಸ್ಕೊಳ್ಳೋಕೆ ಅಂದ."

ಹೊಳೆಯ ಆಚೆ ದಡದಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ಸದ್ದು ತಡವಾಗಿ ಈಚೆಗೆ ಬರುತ್ತಿತ್ತು.

"ಮಲ್ಲಿಗೆ ಆಮೇಲೆ ಏನಾದಳು?"

"ಬದುಕಿದಳು. ಎತ್ತ ಎಳೆದ್ರೂ ಬರ್ತಿದ್ದಳು. ಬೆಂಕಿಗೆ ಎಳೆದಿದ್ರೂ ಬರ್ತಿದ್ದಳು. ಅರಸರು ಎಂಥ ಒಳ್ಳೆ ಕುದುರೆ ಅಂತ ಹೊಗಳಿದ್ರು. ನಂಗೆ ಇನಾಮು ಕೊಟ್ರು. ಅವತ್ತೇ ಲಾಯ ಬಿಟ್ಟೆ."

ಪರಶಿವ ಮುಖ ಮುಚ್ಚಿಕೊಂಡ.

"ಮೊನ್ನೆ ಸಣ್ಣಮ್ಮ ಇಲ್ಲ ಬುದ್ದಿ ಅಂದಾಗಲೇ ನಂಗೆ ಮಲ್ಲಿಗೆ ಕಂಡಳು. ಆದ್ರೂ ತಿಂಗಳು ತುಂಬಲಿ ಅಂತ ಸುಮ್ನಿದ್ದೆ. ಕಡಿವಾಣ ಸುಮ್ನೆ ನನ್ನ ಬಾಯಿಗೆ ಇಟ್ಕೊಂಡೆನೇನೋ? ಅವಳ ಕಾಲು ಬೆಂದಿದ್ದರಲ್ಲಿ ನನ್ನ ಪಾಲೂ ಅದೆ."

ಸಣ್ಣಮ್ಮ ಮಲಗಿದ್ದ ಕೋಣೆಯ ಕಿಟಕಿ ಮೇಲುಗಡೆ ಕಾಣುತ್ತಿತ್ತು. ಅಲ್ಲಿಂದ ನರಳುವ ಸದ್ದೂ ಬರುತ್ತಿರಲಿಲ್ಲ.

"ನಾನು ಆಶ್ರಮ ಬಿಟ್ಟು ಹೋಗ್ತೀನಿ, ಗುರುಗಳೇ."

"ಹೋಗೋದು ಸುಲಭ. ನಾನೂ ಹಂಗೇ ಹೋದೆ. ಮಲ್ಲಿಗೆ ಅಲ್ಲೇ ಉಳಿದಳು."

"ಹಾಗಾದರೆ ಬೀಗದ ಕೈ?"

"ನನ್ನ ಹತ್ರ ಇರಲಿ."

"ನಾನೇನು ಮಾಡಲಿ? ಅವಳ ಕಾಲಿಗೆ ಬಿದ್ದು ಕ್ಷಮೆ ಕೇಳಲೇ?"

"ಕ್ಷಮೆ ಕೇಳಿದ್ರೆ ಆಯ್ತು ಸಾರ್ ಅಂತಾಳೆ."



ಗುರುಗಳು ಅವನ ಹೆಗಲು ಹಿಡಿದು ಎದ್ದರು.

"ಹೋಗಿ ಅವಳ ಹಾಸಿಗೆ ಪಕ್ಕ ಕೂತ್ಕೋ. ನೀರು ಕುಡಿಸು, ಗಾಳಿ ಬೀಸು, ಗಾಯಕ್ಕೆ ಔಷಧಿ ಹಚ್ಚು. ಹಬ್ಬ ಬರಲಿ, ಹೋಗಲಿ. ಅವಳು ನಿನ್ನನ್ನ ಬಾಯಿ ತುಂಬಾ ಬಯ್ಯೋವರ್ಗೂ ಏಳಬೇಡ."