ತೂಬಿನ ಕೋಲು, ತುದಿಯ ಗದ್ದೆ

ಕೇಳದೆಯೇ ಮಳೆ ಕೊಟ್ಟವನಿಗೆ, ಬೊಗಸೆ ಒಡ್ಡಲು ಬಾರದ ಹುಲ್ಲಿಗೂ ನೀರು ಮುಟ್ಟಿಸಿದ ಶಿವನಿಗೆ ಮೊದಲ ಶರಣು. ಆ ನೀರನ್ನು ಹಂಚಿಕೊಂಡು ಕುಡಿಯಿರಿ ಎಂದು ಕಲಿಸಿದ ಗುರುವಿಗೆ ಎರಡನೆಯ ಶರಣು.

"ಬುದ್ಧಿ, ಆಳುವವನು ಅಂತ ಒಬ್ಬ ಯಾಕೆ ಬೇಕು? ಬೇಕೇ ಆದರೆ ಒಬ್ಬನೇ ಆಳುವುದು ಮೇಲೋ, ನಾಲ್ಕು ಜನ ಕೂಡಿ ಆಳುವುದು ಮೇಲೋ, ಎಲ್ಲರೂ ಸೇರಿ ಆಳುವುದು ಮೇಲೋ?"

ಹೀಗೆ ಕೇಳಿದವನು ಮರುಳಯ್ಯ, ಮಠದ ಶಿಷ್ಯ. ಮೂರು ತಿಂಗಳ ಹಿಂದೆ ಗುರುಗಳು ದಾಸೋಹದ ಉಗ್ರಾಣದ ಬೀಗದ ಕೈಯನ್ನು ಅವನಿಗೆ ಒಪ್ಪಿಸಿದ್ದರು. ಅದನ್ನು ಅವನು ಸೊಂಟಕ್ಕೆ ಕಟ್ಟಿಕೊಂಡೇ ಓಡಾಡುತ್ತಿದ್ದ.

"ಏನಾಯಿತಪ್ಪಾ?" ಎಂದರು ಗುರುಗಳು.

"ಬೀಗದ ಕೈ ಐದು ಜನರ ಕೈಯಲ್ಲಿರಲಿ ಅಂತ ಅಡುಗೆಯವರು ಹೇಳುತ್ತಾರೆ. ಎಲ್ಲರನ್ನೂ ಕೇಳಿಯೇ ಒಲೆ ಹಚ್ಚಬೇಕು ಅಂತ ಓದುವ ಹುಡುಗರು ಹೇಳುತ್ತಾರೆ. ಕೊನೆಯ ಪಂಕ್ತಿಗೆ ಸಾರು ನೀರಾಗಿರುತ್ತದಂತೆ. ನಾನೇ ದಿನಾ ಉಂಡು ನೋಡುತ್ತೇನೆ ಬುದ್ಧಿ, ಸಾರು ಗಟ್ಟಿಯಾಗಿಯೇ ಇರುತ್ತದೆ. ನಾನು ಈ ಕೆಲಸಕ್ಕೆ ಆಗುವುದಿಲ್ಲ ಅಂತಿದ್ದರೆ ಹೇಳಿಬಿಡಿ, ಬೀಗದ ಕೈ ಪಾದದ ಬಳಿ ಇಟ್ಟು ಊರಿಗೆ ಹೋಗುತ್ತೇನೆ."

ಗುರುಗಳು ನಕ್ಕರು. "ಅದು ಸೊಂಟದಲ್ಲೇ ಇರಲಿ. ಕೂತುಕೋ. ಒಬ್ಬ ರೈತನ ಕತೆ ಹೇಳುತ್ತೇನೆ."

ಒಂದು ಊರು. ಊರಿಗೊಂದು ಕೆರೆ. ಕೆರೆಯ ಏರಿಯ ಬುಡದಲ್ಲಿ ತೂಬು. ತೂಬಿನ ಬಾಯಿ ತೆರೆಯಲು, ಮುಚ್ಚಲು ಒಂದು ಮರದ ಕೋಲು. ಅಲ್ಲಿಂದ ಹೊರಟ ಕಾಲುವೆ ಎಲ್ಲರ ಗದ್ದೆಗಳನ್ನೂ ದಾಟಿ, ಕಟ್ಟಕಡೆಗೆ ಈ ರೈತನ ಗದ್ದೆಗೆ ಬಂದು ಮುಗಿಯುತ್ತಿತ್ತು.

ಮೊದಮೊದಲು ಆ ಊರಿನಲ್ಲಿ ಯಾರೂ ಆಳುತ್ತಿರಲಿಲ್ಲ. ಬೇಕಾದವರು ಹೋಗಿ ಕೋಲು ಎತ್ತುತ್ತಿದ್ದರು. ಕೆರೆ ತುಂಬಿದಾಗ ಎಲ್ಲರೂ ಒಳ್ಳೆಯವರೇ. ಒಂದು ವರ್ಷ ಕೆರೆ ಅರ್ಧ ಮಾತ್ರ ತುಂಬಿತು. ಆಗ ತೂಬಿನ ಬಳಿ ತಳ್ಳಾಟ ಶುರುವಾಯಿತು. ಒಡಹುಟ್ಟಿದ ಇಬ್ಬರು ಗುದ್ದಲಿ ಎತ್ತಿದರು. ಒಬ್ಬನ ಹಣೆ ಒಡೆಯಿತು. ಅವರು ಜಗಳಾಡುವಷ್ಟು ಹೊತ್ತೂ ನೀರು ಯಾರ ಗದ್ದೆಗೂ ಹೋಗದೆ ಹಳ್ಳ ಸೇರಿತು.

ಊರಿನವರು ಅದನ್ನು ಕಣ್ಣಾರೆ ಕಂಡರು. ಕೋಲನ್ನು ಯಾರಾದರೂ ಒಬ್ಬರ ಕೈಗೆ ಕೊಡಲೇಬೇಕು ಎಂದುಕೊಂಡರು. ಆಳ್ವಿಕೆ ಹುಟ್ಟಿದ್ದು ಹೀಗಪ್ಪಾ. ಯಾರನ್ನೋ ದೊಡ್ಡವನನ್ನಾಗಿ ಮಾಡಲಿಕ್ಕಲ್ಲ. ತಮ್ಮನ ಹಣೆ ಒಡೆಯದಿರಲಿ, ನೀರು ಹಳ್ಳದ ಪಾಲಾಗದಿರಲಿ ಎಂದು.

ಕೋಲು ಊರಿನ ಬಲಶಾಲಿಯ ಕೈಗೆ ಹೋಯಿತು. ಅವನದು ತೂಬಿಗೆ ಹತ್ತಿಕೊಂಡ ತಲೆಯ ಗದ್ದೆ. ಅವನು ಮೀಸೆ ತಿರುವಿದರೆ ಸಾಕು, ಜಗಳ ನಿಲ್ಲುತ್ತಿತ್ತು. ಊರು ನೆಮ್ಮದಿಯಾಯಿತು. ತುದಿಗದ್ದೆಯ ರೈತನೂ ದೇವರಿಗೆ ಕೈ ಮುಗಿದ. ಆದರೆ ವಾರಕ್ಕೊಮ್ಮೆ ಬರಬೇಕಾದ ನೀರು ಅವನಿಗೆ ಹದಿನೈದು ದಿನವಾದರೂ ಬರಲಿಲ್ಲ. ಪೈರಿನ ತುದಿ ಹಳದಿಗಟ್ಟಿತು. ಅವನು ಹೋಗಿ ಕೇಳಿದ.

"ಅಣ್ಣಾ, ನನ್ನ ಗದ್ದೆಗೆ ನೀರು ಮುಟ್ಟಿಲ್ಲ."

"ಬಿಟ್ಟೆನಲ್ಲಯ್ಯಾ, ನಾನೇ ನಿಂತು ನೋಡಿದೆ, ಕಾಲುವೆ ದಡ ಮುಟ್ಟಿ ಹರಿಯಿತು. ನೀನೇನು ಮಲಗಿದ್ದೆಯಾ?"

ರೈತ ಮನೆಗೆ ಬಂದ. ಆ ವರ್ಷ ಅವನ ಮನೆಗೆ ಹುಲ್ಲು ಬಂತು, ಭತ್ತ ಬರಲಿಲ್ಲ.

ಒಬ್ಬನ ಕೈಯಲ್ಲಿ ಕೋಲು ಇದ್ದರೆ ಹೀಗೇ ಎಂದು ಊರಿನವರು ಅದನ್ನು ಐವರು ಹಿರಿಯರಿಗೆ ಕೊಟ್ಟರು. ಹಿರಿಯರು ಹುಣಸೆಮರದ ಕೆಳಗೆ ಕೂತರು. ಎಲ್ಲರ ಮಾತನ್ನೂ ಕೇಳಿಸಿಕೊಂಡರು. ಐವರಲ್ಲಿ ಮೂವರದು ತಲೆಗದ್ದೆ, ಇಬ್ಬರದು ನಡುಗದ್ದೆ. ತುದಿಯ ರೈತ ತನ್ನ ಕಷ್ಟ ಹೇಳಿಕೊಂಡಾಗ ಒಬ್ಬ ಹಿರಿಯ, "ಹೋಗಿ ನಿಮ್ಮ ತಾತನನ್ನು ಕೇಳು, ಅಷ್ಟು ದೂರ ಗದ್ದೆ ಮಾಡು ಅಂತ ಅವನಿಗೆ ಹೇಳಿದವರು ಯಾರು ಅಂತ" ಎಂದ. ಉಳಿದವರು ನಕ್ಕರು. ರೈತನೂ ನಕ್ಕ. ಆ ವರ್ಷವೂ ಹುಲ್ಲೇ ಬಂತು.

ಮೂರನೆಯ ವರ್ಷ ಊರಿನವರೆಲ್ಲ ಕೂಡಿದರು. ಮನೆಗೊಂದು ಕೈ, ಹೆಚ್ಚು ಕೈ ಎದ್ದ ಕಡೆಗೆ ನೀರು ಎಂದರು. ಅರವತ್ತು ಮನೆಯ ಊರು. ತುದಿಯಲ್ಲಿದ್ದವು ಎಂಟೇ ಮನೆ. ಎದ್ದ ಕೈಗಳೆಲ್ಲ ಪ್ರಾಮಾಣಿಕವಾದ ಕೈಗಳೇ. ಆದರೆ ಎಂಟು ಎಂದಿಗೂ ಐವತ್ತೆರಡಾಗಲಿಲ್ಲ.

ನಾಟಿಯಾಗಿ ತಿಂಗಳು ಕಳೆದಿತ್ತು. ರೈತನ ಹೆಂಡತಿ ಗದ್ದೆಯ ಬದುವಿನ ಮೇಲೆ ನಿಂತು ಬಿರುಕು ಬಿಟ್ಟ ಮಣ್ಣು ನೋಡಿದಳು. "ಎರಡು ವರ್ಷ ಹಸುವಿನ ಹೊಟ್ಟೆ ತುಂಬಿಸಿದೆವು. ಮಕ್ಕಳು ಹುಲ್ಲು ತಿನ್ನುವುದಿಲ್ಲವಲ್ಲ. ನಾಡಿದ್ದಿನೊಳಗೆ ನೀರು ಬರದಿದ್ದರೆ ಊರು ಬಿಡೋಣ" ಎಂದಳು.

ಅವನು ಹೂಂ ಎಂದ. ಆದರೆ ಹೇಳದೆ ಹೋಗುವುದು ಅವನಿಂದ ಆಗಲಿಲ್ಲ. ಮರುದಿನ ಊರು ಕೂಡಿದ್ದಾಗ ಹೋಗಿ ನಡುವೆ ನಿಂತ. ಬೈಯಲು ಬಂದಿದ್ದಾನೆ ಎಂದು ಎಲ್ಲರೂ ಮುಖ ಬಿಗಿದರು. ಅವನು ಕೈ ಮುಗಿದ.

"ಅಣ್ಣಾ, ನೀನು ಕೋಲು ಹಿಡಿದ ಮೇಲೆ ಈ ಊರಿನಲ್ಲಿ ಗುದ್ದಲಿ ಎತ್ತಿದವರಿಲ್ಲ. ನನ್ನ ಮಕ್ಕಳು ಹೆದರದೆ ಬೆಳೆದರು, ಅದು ನಿನ್ನ ಋಣ. ಹಿರಿಯರೇ, ನೀವು ಕೂತ ಮೇಲೆ ನನ್ನಂಥವನಿಗೂ ಬಾಯಿ ಬಿಡುವ ಧೈರ್ಯ ಬಂತು. ನೀವೆಲ್ಲ ಸೇರಿದ ಮೇಲೆ ನನ್ನ ಕೈಯೂ ಒಂದು ಲೆಕ್ಕಕ್ಕೆ ಸಿಕ್ಕಿತು. ಇಷ್ಟು ಕೊಟ್ಟ ಊರಿಗೆ ಶರಣು ಹೇಳದೆ ಹೋದರೆ ಶಿವ ಮೆಚ್ಚುವುದಿಲ್ಲ. ನಾವು ನಾಳೆ ಹೊರಡುತ್ತೇವೆ."

ಬಲಶಾಲಿ ಎದ್ದು ನಿಂತ. "ಹಾಗಾದರೆ ನಾವು ಬಿಟ್ಟ ನೀರು ಎಲ್ಲಿಗೆ ಹೋಯಿತು? ಕದ್ದವರ ಹೆಸರು ಹೇಳಿ ಹೋಗು."

"ಯಾರೂ ಕದ್ದಿಲ್ಲ ಅಣ್ಣಾ. ನೀವು ನಿಂತಲ್ಲಿಂದ ನೋಡಿದರೆ ಕಾಲುವೆ ತುಂಬಿಯೇ ಇರುತ್ತದೆ. ನಾನು ನಿಂತಲ್ಲಿಗೆ ಬಂದು ಯಾರೂ ನೋಡಲಿಲ್ಲ, ಅಷ್ಟೇ."

ಆಗ ತಲೆಗದ್ದೆಯ ಒಬ್ಬ ಅಜ್ಜಿ, ಕೋಲನ್ನು ಇಟ್ಟಿದ್ದ ಕಡೆಗೆ ಕೈ ತೋರಿಸಿದಳು. "ಅದನ್ನು ಇವನಿಗೇ ಕೊಡ್ರಪ್ಪಾ. ಇವನ ಗದ್ದೆಗೆ ನೀರು ಬರಬೇಕಾದರೆ ನಮ್ಮೆಲ್ಲರ ಗದ್ದೆ ದಾಟಿಯೇ ಬರಬೇಕು. ನಮ್ಮನ್ನು ಒಣಗಿಸಿ ತಾನು ಕುಡಿಯುತ್ತೇನೆ ಅಂದರೂ ಇವನ ಕೈಲಾಗುವುದಿಲ್ಲ."

ಐವತ್ತೆರಡು ಕೈಗಳೂ ಎದ್ದವು. ಎಂಟು ಕೈಗಳೂ ಎದ್ದವು.

ರೈತ ಊರು ಬಿಡಲಿಲ್ಲ. ಆ ದಿನವೇ ತೂಬು ತೆರೆದು, ನೀರಿನ ಜೊತೆಗೇ ಕಾಲುವೆಯ ಉದ್ದಕ್ಕೂ ನಡೆದ. ಬದುವಿನಲ್ಲಿ ಏಡಿ ಕೊರೆದ ಬಿಲ ಕಂಡಲ್ಲೆಲ್ಲ ಕೂತು ಜೇಡಿಮಣ್ಣು ಮೆತ್ತಿದ. ತಲೆಗದ್ದೆಯ ಬಿಲ, ನಡುಗದ್ದೆಯ ಬಿಲ, ಎಲ್ಲವೂ ಅವನಿಗೆ ತನ್ನ ಗದ್ದೆಯ ಬಿಲಗಳೇ. ಇಷ್ಟು ವರ್ಷ ನೀರು ಸೋರಿದ್ದು ಅಲ್ಲಿ. ಮೇಲಿನವರಿಗೆ ಅದು ಕಂಡಿರಲಿಲ್ಲ, ಸೋರುವುದಕ್ಕೆ ಮೊದಲೇ ಅವರ ಗದ್ದೆ ತುಂಬುತ್ತಿತ್ತು. ಮೂರನೆಯ ದಿನ ಸೂರ್ಯ ಏರುವ ಹೊತ್ತಿಗೆ, ಎಲ್ಲರ ಗದ್ದೆ ತಣಿಸಿದ ನೀರು ತುದಿಗೂ ಬಂತು. ರೈತ ಒಂದು ಬೊಗಸೆ ಎತ್ತಿ ಕಣ್ಣಿಗೊತ್ತಿಕೊಂಡು ಮತ್ತೆ ಗದ್ದೆಗೇ ಬಿಟ್ಟ. ಹೆಂಡತಿ ಕಟ್ಟಿಟ್ಟ ಗಂಟು ಬಿಚ್ಚಲು ಮನೆಗೆ ಓಡಿದಳು.

ಮುಂದಿನ ವರ್ಷ ಬಲಶಾಲಿ ಬಂದು, "ಈ ಸಲ ಕೋಲು ನನಗೆ ಕೊಡಿ, ನಾನೂ ಒಳ್ಳೆಯವನಾಗಿ ತೋರಿಸುತ್ತೇನೆ" ಎಂದ.

ಅಜ್ಜಿ, "ಕೊಡೋಣ ಮಗಾ. ಕೋಲಿನ ಜೊತೆಗೆ ತುದಿಗದ್ದೆಯೂ ನಿನ್ನದೇ, ಒಂದು ವರ್ಷ. ನಿನ್ನ ಗದ್ದೆ ಅವನು ಮಾಡಲಿ" ಎಂದಳು.

ಬಲಶಾಲಿ ತಲೆ ಕೆರೆದುಕೊಂಡ. ಆಮೇಲೆ ಒಪ್ಪಿದ. ಆ ವರ್ಷ ಅವನು ಹುಡುಕಿದಷ್ಟು ಏಡಿ ಬಿಲಗಳನ್ನು ಊರಿನಲ್ಲಿ ಯಾರೂ ಹುಡುಕಿರಲಿಲ್ಲ. ಇತ್ತ ತಲೆಗದ್ದೆಗೆ ಬಂದ ರೈತ ಒಂದು ಬೆಳಿಗ್ಗೆ ಬದುವಿನ ಮೇಲೆ ನಿಂತು ನೋಡಿದ. ಕಾಲುವೆ ದಡ ಮುಟ್ಟಿ ಹರಿಯುತ್ತಿತ್ತು. ಮರುದಿನವೂ ಹಾಗೆಯೇ. ಅವನು ತುದಿಯವರೆಗೆ ನಡೆದು ಹೋಗಿ ಬಲಶಾಲಿಯ ಕೈ ಹಿಡಿದುಕೊಂಡ.

"ಅಣ್ಣಾ, ಅಂದು ನೀನು ಸುಳ್ಳು ಹೇಳಿರಲಿಲ್ಲ."

ಅಂದಿನಿಂದ ಆ ಊರಿನಲ್ಲಿ ಅದೇ ಕಟ್ಟಳೆ. ಕೋಲು ಹಿಡಿದವರು ತುದಿಗದ್ದೆ ಮಾಡಬೇಕು. ಕೆಲವು ವರ್ಷ ಒಬ್ಬ ಹಿಡಿದ, ಕೆಲವು ವರ್ಷ ಐವರು ಹಿಡಿದರು, ಕೆಲವು ವರ್ಷ ಮನೆಮನೆಗೂ ಸರದಿ ಬಂತು. ಭತ್ತ ಮಾತ್ರ ಎಲ್ಲರ ಮನೆಗೂ ಬಂತು.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯ ಕೇಳಿದ.

"ಆದರೂ ಬುದ್ಧಿ, ನಮ್ಮ ಉಗ್ರಾಣಕ್ಕೆ ಒಬ್ಬನೋ, ಐವರೋ, ಎಲ್ಲರೋ, ಅದನ್ನು ತಾವು ಹೇಳಲಿಲ್ಲ."

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟು ಕೇಳಿದರು: "ದಿನಾ ನೀನು ಊಟಕ್ಕೆ ಕೂರುವುದು ಎಷ್ಟನೆಯ ಪಂಕ್ತಿಯಲ್ಲಪ್ಪಾ?"

ಅಂದು ಮರುಳಯ್ಯ ಮೊದಲ ಪಂಕ್ತಿ ಬಿಟ್ಟು ಕೊನೆಯ ಪಂಕ್ತಿಯಲ್ಲಿ ಊಟಕ್ಕೆ ಕೂತ.

ಕತೆ ಕೇಳಿದವರ ಮನೆಗಳಲ್ಲಿ, ಎಲ್ಲರಿಗೂ ಬಡಿಸಿ ಕೊನೆಗೆ ಕೂತವರ ತಟ್ಟೆಯೂ ತುಂಬಿರಲಿ. ಶಿವನು ಎಲ್ಲರನ್ನೂ ತಣ್ಣಗಿಟ್ಟಿರಲಿ.