ದ್ಯಾವಮ್ಮನ ಬೆನ್ನಿಗೆ ಚೀನಾ ಮದ್ದು

ಕೇಳ್ರಪ್ಪಾ ಕೇಳ್ರಿ, ನಗು ಬಂದ್ರ ತಡ್ಕೋಬ್ಯಾಡ್ರಿ! ಬ್ಯಾಸಗಿ ಬಂದ್ರ ಕೋಳಿ ಸೈತ ನೆಳ್ಳು ಹುಡುಕೋ ಬಿಸಿಲೂರು ಒಂದು. ಅಲ್ಲಿ ದ್ಯಾವಮ್ಮ ಅಂತ ಒಬ್ಬಾಕಿ. ಆಕಿಗೆ ಯಂಕೋಬ ಅಂತ ಒಬ್ಬನೇ ಮಗ. ಮೈತುಂಬ ಶಕ್ತಿ, ಎದಿತುಂಬ ಪ್ರೀತಿ, ತಲಿ ಮಾತ್ರ ಖಾಲಿ. ಹೇಳಿದ್ದು ಹೇಳಿದಂಗ ಮಾಡಾವ, ಒಂದು ಕೂದಲಷ್ಟೂ ಆಕಡಿ ಈಕಡಿ ಇಲ್ಲ!

ಚಳಿಗಾಲ ಬಂದ್ರ ದ್ಯಾವಮ್ಮಗ ಉಬ್ಬಸ. ಹೋದ ವರ್ಷ ಉಸಿರು ಸಿಗದೆ ಇನ್ನೇನು ಹೋಗೇಬಿಟ್ಲು ಅನ್ನೋ ಹಂಗಾಗಿತ್ತು. ಆ ಊರಾಗ ಚೆನ್ ಅಂತ ಒಬ್ಬ ಚೀನಾ ವೈದ್ಯ ಇದ್ದ. ಊರವರ ಬಾಯಾಗ ಅವನು ಚೆನ್ನಯ್ಯ. "ಚಳಿಗಾಲದ ಉಬ್ಬಸ ಬ್ಯಾಸಗ್ಯಾಗ ಓಡಿಸಬೇಕು ದ್ಯಾವಮ್ಮ. ಕಡು ಬಿಸಿಲಿನಾಗ ಬೆನ್ನಿಗೆ ಮದ್ದು ಹಚ್ಚೋದು ನಮ್ಮ ದೇಶದ ಪದ್ಧತಿ," ಅಂದ. ಯಂಕೋಬ ಎದಿ ತಟ್ಟಿಕೊಂಡ. "ಯವ್ವಾ, ಈ ಸಲ ನಿನ್ನ ಉಸಿರು ನಾ ಕಾಯ್ತೀನಿ!"

ಬ್ಯಾಸಗಿ ಬಂತು. ಮೊದಲು ವೈದ್ಯ ಒಣಗಿದ ಸೇವಂತಿಗಿ ಹೂ ಕೊಟ್ಟ. "ನಿಮ್ಮವ್ವಗ ಕೊಡು, ತಲಿ ತಂಪಾಗ್ತದ." ತಲಿಗೆ ಹೂ ಅಂದ್ರ ಮತ್ತೇನು! ಯಂಕೋಬ ಮಾಲಿ ಕಟ್ಟಿ ಅವ್ವನ ತುರುಬಿಗೆ ಮುಡಿಸಿದ. ಹೂವೆಲ್ಲ ಪುಡಿಪುಡಿಯಾಗಿ ಆಕಿ ಕಣ್ಣಿಗೆ, ಮೂಗಿಗೆ ಬಿತ್ತು.

"ಆಕ್ಷೀ! ಲೇ ಪೆದ್ದಾ! ಕುದಿಯೋ ನೀರಿಗೆ ಹಾಕಿ, ಮುಚ್ಚಿಟ್ಟು, ಸೋಸಿ ಕುಡಿಸ್ಬೇಕಲೇ!"

"ಆಯ್ತು ಯವ್ವಾ, ಮುಂದಿನ ಸಲ ಹಂಗೇ!"

ಮುಂದಿನ ಸಲ ಬಂತು ಮದ್ದಿನ ಪಟ್ಟಿ. ಅರಿವಿ ಮ್ಯಾಲೆ ಶುಂಠಿ ರಸದಾಗ ಕಲಸಿದ ಕರೀ ಮದ್ದು. ಯಂಕೋಬ ನೀರು ಕುದಿಸಿದ, ಪಟ್ಟಿ ಹಾಕಿದ, ಮುಚ್ಚಿಟ್ಟ, ಸೋಸಿದ. ಲೋಟ ತಂದು ಅವ್ವನ ಬಾಯಿಗೆ ಹಿಡಿದ.

"ಥೂ, ಥೂ! ಅರಿವಿ ಸಾರು ಕುಡಿಸ್ತೀಯೇನಲೇ! ವೈದ್ಯರ ಮನಿಯಿಂದ ಬಂದದ್ದು ಬೆನ್ನಿಗೆ ಹಚ್ಚಬೇಕು, ಬೆನ್ನಿಗೆ!"

"ಆಯ್ತು ಯವ್ವಾ, ಮುಂದಿನ ಸಲ ಹಂಗೇ!"

ಮುಂದಿನ ಸಲ ಬಂತು ವೈದ್ಯರ ಮನಿಯಿಂದ ಹೆಸರುಕಾಳಿನ ಗಂಜಿ. ಬ್ಯಾಸಗಿ ದಾಹಕ್ಕ ಚೆನ್ನಯ್ಯನ ದೇಶದಾಗ ಅದೇ ತಂಪು. ದ್ಯಾವಮ್ಮ ಬೋರಲು ಮಲಗಿದ್ಲು. ಯಂಕೋಬ ಗಡಿಗಿ ಎತ್ತಿದ, ಬೆನ್ನಿಗೆ ಸುರಿದ, ಅಂಗೈಲೆ ಚೆಂದಾಗಿ ಸವರಿದ. ಓಣಿ ಕೋಳಿ ಅಷ್ಟೂ ಓಡಿ ಬಂದು ಆಕಿ ಬೆನ್ನು ಹತ್ತಿದವು!

ದ್ಯಾವಮ್ಮ ಈ ಸಲ ಬೈಯಲಿಲ್ಲ, ಅತ್ತೇಬಿಟ್ಲು. "ವೈದ್ಯರು ಹೇಳಿದ ಕಡು ಬಿಸಿಲಿನ ದಿನ ನಾಳೆಗೆ ಮುಗೀತಾವ. ನಾಳೆ ಮದ್ದು ಹತ್ತದಿದ್ರ ಚಳಿಗಾಲಕ್ಕ ನಾ ಉಳಿಯಂಗಿಲ್ಲ ಮಗನೇ. ಸರಿಯಾಗಿ ಕೇಳು! ಗಂಜಿ ಬಂದ್ರ ಹೊಟ್ಟಿಗೆ. ಗಂಜಿ ಬಿಟ್ಟು ಬ್ಯಾರೆ ಏನೇ ಬರ್ಲಿ, ಬೆನ್ನಿಗೆ! ಗಟ್ಟಿಯಾಗಿ ಕಟ್ಟು. ಯಾರು ಬಾಯಿ ಬಡಕೊಂಡ್ರೂ ಹೊತ್ತು ಮುಳುಗೋ ತನಕ ಬಿಚ್ಚಬ್ಯಾಡ. ಬಿಚ್ಚಿದ ಮ್ಯಾಲೆ ತಿಪ್ಪಿಗೆ ಎಸಿ!"

"ಆಯ್ತು ಯವ್ವಾ! ಸತ್ರೂ ಬಿಚ್ಚಂಗಿಲ್ಲ!"

ಮರುದಿನ ಪಟ್ಟಿ ಕೈಯಾಗ ಹಿಡಕೊಂಡು ಯಾರು ಬಂದ್ರು? ಚೆನ್ನಯ್ಯನೇ ಬಂದ! ಈ ಹುಡುಗನ ಕೈಗೆ ಕೊಟ್ರ ಕೆಟ್ಟೀತು ಅಂತ ಬಿಸಿಲಾಗ ಬೆವರು ಸುರಿಸ್ಕೋತ ಬಂದಿದ್ದ. ಯಂಕೋಬ ಅವನನ್ನ ಮ್ಯಾಲಿಂದ ಕೆಳಗ ನೋಡಿದ.

"ನೀವು ಗಂಜಿಯೇನ್ರಿ?"

"ನಾ ಹ್ಯಾಂಗ ಗಂಜಿ ಆಗ್ತೀನೋ!"

"ಹಂಗಾದ್ರ ಬೆನ್ನಿಗೆ!"

ಎತ್ತಿದ, ಅವ್ವನ ಬೆನ್ನಿಗೆ ಅವನ ಬೆನ್ನು ಹಚ್ಚಿ ಕೂಡಿಸಿದ, ಎತ್ತಿನ ಹಗ್ಗ ತಂದು ಇಬ್ಬರನ್ನೂ ಬಿಗಿದ! ವೈದ್ಯ ಕೂಗಿದ, ದ್ಯಾವಮ್ಮ ಕೂಗಿದ್ಲು, ಓಣಿ ಮಂದಿ ಓಡಿ ಬಂದ್ರು. ಯಂಕೋಬ ಒನಕಿ ಹಿಡಿದು ಬಾಗಿಲಿಗೆ ನಿಂತ. "ನಮ್ಮವ್ವ ಚಳಿಗಾಲದಾಗ ಉಸಿರಾಡಬೇಕು! ಬಿಚ್ಚಂಗಿಲ್ಲ!" ಅನ್ನುವಾಗ ಅವನ ಕಣ್ಣಾಗ ನೀರು. ಅದನ್ನ ಕಂಡು ಚೆನ್ನಯ್ಯನೂ ಹಟ ಹಿಡಿದ. ಬಂದ ಕೆಲಸ ಬಿಡಬಾರದು ಅಂತ ಕೈ ಹಿಂದಕ್ಕ ತಿರುಚಿ, ತಡವಿ ತಡವಿ, ಪಟ್ಟಿ ದ್ಯಾವಮ್ಮನ ಬೆನ್ನಿಗೇ ಹಚ್ಚಿದ.

ಹೊತ್ತು ಮುಳುಗಿತು. ಯಂಕೋಬ ಹಗ್ಗ ಬಿಚ್ಚಿದ. "ಅಬ್ಬಾ, ಬದುಕಿದೆ!" ಅಂತ ಚೆನ್ನಯ್ಯ ಕಾಲು ಚಾಚೋದ್ರೊಳಗ ಯಂಕೋಬ ಅವನನ್ನ ಹೆಗಲಿಗೆ ಹಾಕ್ಕೊಂಡು ಹಿತ್ತಲಿಗೆ ಹೋದ, ತಿಪ್ಪಿಗೆ ಎಸೆದ!

ಎಸೆದವನು ಎರಡೂ ಕೈ ಮುಗಿದು ಹೇಳಿದ: "ಭಾಳ ಚಲೋ ಮದ್ದು ವೈದ್ಯರೇ! ಬರೋ ಬ್ಯಾಸಗಿಗೂ ಇಂಥದ್ದೇ ಒಂದು ಕಳಿಸ್ರಿ!"