ಸ್ಪಂಜಿನ ಮೈತುಂಬ ತೂತು ಬಂದದ್ದು

ಲೋಕ ಇನ್ನೂ ಹೊಸದಾಗಿತ್ತು. ಕಡಲಿಗೆ ಆಗಷ್ಟೇ ಉಪ್ಪು ಹಾಕಿದ್ದರು, ಅದು ಸರಿಯಾಗಿ ಹಿಡಿದಿರಲಿಲ್ಲ. ಹೊಳೆಗಳು ಕಡಲಿಗೆ ಹೋಗುವ ದಾರಿ ಯಾವುದೆಂದು ಗುಡ್ಡಗಳನ್ನು ಕೇಳಿಕೊಂಡು ಇಳಿಯುತ್ತಿದ್ದವು. ಗಾಳಿಗೆ ಯಾವ ಕಡೆಗೆ ಬೀಸಬೇಕೆಂದು ಯಾರೂ ಹೇಳಿರಲಿಲ್ಲ. ಪಾಪ, ಎಲ್ಲ ಕಡೆಗೂ ಬೀಸಿ ಸುಸ್ತಾಗುತ್ತಿತ್ತು.

ಆ ಕಾಲದಲ್ಲಿ ಕಡಲಜ್ಜಿ ಹೊಸ ಸಂಸಾರ ಹೂಡಿದ್ದಳು. ಕಡಲಜ್ಜಿ ಎಂದರೆ ಮತ್ತೆ ಯಾರೂ ಅಲ್ಲ, ಕಡಲೇ. ಮನೆ ದೊಡ್ಡದು, ಮಂದಿ ಬಹಳ. ಹಾಗಾಗಿ ಒಬ್ಬೊಬ್ಬರಿಗೂ ಒಂದೊಂದು ಕೆಲಸ ಹಂಚಿದಳು. ಅಲೆಗೆ ಅಂಗಳ ತೊಳೆಯುವ ಕೆಲಸ. ದೊಡ್ಡ ಮೀನಿಗೆ ಕಾವಲು. ಸಣ್ಣ ಮೀನಿಗೆ ಸುದ್ದಿ ಹೊತ್ತು ತಿರುಗುವುದು. ಅದನ್ನಂತೂ ಯಾರೂ ಹೇಳಿಕೊಡಬೇಕಾಗಲಿಲ್ಲ.

ನೀರು ಸೋಸುವ ಕೆಲಸ ಸ್ಪಂಜಿಗೆ ಬಂತು.

ಆಗಿನ ಸ್ಪಂಜು ಈಗಿನ ಹಾಗಿರಲಿಲ್ಲ. ಹೊಸ ಗಡಿಗೆಯ ಹಾಗೆ ಉರುಟು, ನುಣ್ಣನೆ ಮೈ. ತೂತು ಎಂದರೆ ಒಂದೇ, ತಲೆಯ ಮೇಲಿನ ಬಾಯಿ. ಆ ಬಾಯಿಂದ ನೀರು ಎಳೆದುಕೊಳ್ಳುವುದು, ಕಸವನ್ನು ಹೊಟ್ಟೆಯಲ್ಲಿ ಹಿಡಿದಿಟ್ಟುಕೊಳ್ಳುವುದು, ತಿಳಿನೀರನ್ನು ಅದೇ ಬಾಯಿಂದ ಬಿಡುವುದು. ಇದು ಅವಳ ದಿನಚರಿ. ನೆರೆಕರೆಯವರೆಲ್ಲ ಅವಳನ್ನು ಸೋಸಕ್ಕ ಎಂದು ಕರೆಯುತ್ತಿದ್ದರು.

ಒಂದು ದ್ವೀಪದ ಬುಡದಲ್ಲಿ, ದೊಡ್ಡ ಬಂಡೆಯೊಂದರ ಕೆಳಗೆ ಅವಳನ್ನು ಕೂರಿಸಿ ಕಡಲಜ್ಜಿ ಬುದ್ಧಿ ಹೇಳಿದಳು: "ನೋಡು ಮಗಳೇ, ಚೆನ್ನಾಗಿ ಗುಡಿಸು. ಆದರೆ ಮುಸ್ಸಂಜೆ ಹೊತ್ತಲ್ಲಿ ಕಸ ಹೊರಗೆ ಹಾಕಬೇಡ. ಮನೆಯ ಸಿರಿ ಹೋಗ್ತದೆ. ಮೂಲೆಯಲ್ಲಿ ಕೂಡಿಡು. ಬೆಳಗಾದ ಮೇಲೆ ಹಾಕು."

"ಆಯ್ತು ಅಜ್ಜಿ," ಎಂದಳು ಸೋಸಕ್ಕ.

ಮಾತೇನೋ ಒಳ್ಳೆಯದೇ. ನಮ್ಮ ಮನೆಗಳಲ್ಲೂ ದೀಪ ಹಚ್ಚಿದ ಮೇಲೆ ಪೊರಕೆ ಹಿಡಿದು ನೋಡಿ, ಯಾರಾದರೂ ಗದರದೆ ಬಿಡುವುದಿಲ್ಲ. ಆದರೆ ಆ ಬಂಡೆಯ ಕೆಳಗೆ ಬಿಸಿಲು ಇಳಿಯುತ್ತಲೇ ಇರಲಿಲ್ಲ. ನಡು ಮಧ್ಯಾಹ್ನದಲ್ಲೂ ಅಲ್ಲಿ ಮುಸ್ಸಂಜೆಯಷ್ಟೇ ಬೆಳಕು. ಹೊತ್ತಿಡೀ ಬಟಾಬಯಲಲ್ಲಿ ಹೊಳೆಯುವ ಕಡಲಜ್ಜಿಗೆ ಇದು ಹೊಳೆಯಲಿಲ್ಲ. ಬೇರೆ ಜಾಗ ಕಂಡೇ ಇರದ ಸೋಸಕ್ಕನಿಗೂ ಹೊಳೆಯಲಿಲ್ಲ.

ಸೋಸಕ್ಕ ಕೆಲಸಕ್ಕೆ ಕೂತಳು. ನೀರು ತಿಳಿಯಾಯಿತು. ಮೀನುಗಳು ಬಂದು ಬಂಡೆಯ ಸುತ್ತ ಮನೆ ಮಾಡಿದವು. "ಸೋಸಕ್ಕನ ಕೇರಿಯಲ್ಲಿ ಒಂದು ಕೂದಲು ಬಿದ್ದರೂ ಕಾಣ್ತದೆ," ಎಂದು ಹೊಗಳಿದವು. ಹೊಗಳಿಕೆ ಯಾರಿಗೆ ಬೇಡ? ಸೋಸಕ್ಕ ಇನ್ನಷ್ಟು ಗುಡಿಸಿದಳು.

ಹಾಗಿರುವಾಗ ಎಲ್ಲಿಂದಲೋ ತೇಲಿಕೊಂಡು ಒಂದು ಹವಳದ ಮರಿ ಬಂತು. ಹೆತ್ತವರು ಎಲ್ಲೋ, ಕೇಳಿದರೆ ಹೇಳಲು ಅದಕ್ಕೆ ಗೊತ್ತಿರಲಿಲ್ಲ. ಸೋಸಕ್ಕನ ಪಕ್ಕದ ಕಲ್ಲಿಗೆ ಅಂಟಿಕೊಂಡು ಅಲ್ಲೇ ನಿಂತುಬಿಟ್ಟಿತು. ಅಬ್ಬಲಿಗೆ ಹೂವಿನ, ಅಂದರೆ ಕನಕಾಂಬರದ, ಬಣ್ಣ ಅದಕ್ಕೆ. ಸೋಸಕ್ಕ ಅಬ್ಬಲಿ ಎಂದೇ ಹೆಸರಿಟ್ಟಳು. ಅಬ್ಬಲಿಯ ಮೈಯಲ್ಲಿ ಪುಟ್ಟ ಪುಟ್ಟ ಬಾಯಿಗಳು. ಹಸಿವಾದಾಗ ಅವೆಲ್ಲ ಒಟ್ಟಿಗೆ ಅರಳುತ್ತಿದ್ದವು, ನೀರಲ್ಲಿ ತೇಲಿ ಬಂದ ಚೂರುಪಾರನ್ನು ಹಿಡಿದು ತಿನ್ನುತ್ತಿದ್ದವು.

"ದೊಡ್ಡಮ್ಮಾ," ಎಂದು ಅಬ್ಬಲಿ ಕರೆದಾಗ ಸೋಸಕ್ಕನ ಹೊಟ್ಟೆಯೊಳಗೆ ಏನೋ ತಂಪಾಗುತ್ತಿತ್ತು. ತನಗೆ ಇಷ್ಟು ಸುಖ ಇದೆ ಎಂದು ಅವಳಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಆದರೆ ಅದೇ ಹೊಟ್ಟೆಯಲ್ಲಿ ಕಸವೂ ಇತ್ತು. ಎಲೆಯ ಚೂರು, ಮೀನಿನ ಹೇಲು, ತಿಂದು ಬಿಟ್ಟ ಎಂಜಲು, ಸತ್ತ ಹುಳದ ಚಿಪ್ಪು. ಬೆಳಗಾಗಲಿ, ಹಾಕುತ್ತೇನೆ ಎಂದು ಸೋಸಕ್ಕ ಕಾಯುತ್ತಿದ್ದಳು. ಆ ದಾರಿಯಾಗಿ ಹೋಗುವ ಏಡಿಭಾವನನ್ನು ಕೇಳುತ್ತಿದ್ದಳು. ಏಡಿಭಾವ ಪಕ್ಕದ ಬಿಲದ ಏಡಿ. ನಡೆಯುವುದೂ ಅಡ್ಡ, ಮಾತೂ ಅಡ್ಡ.

"ಏನು ಸೋಸಕ್ಕ, ಮೈಕೈ ತುಂಬಿಕೊಂಡಿದ್ದೀರಿ! ಎಂತಾದ್ರೂ ವಿಶೇಷ ಉಂಟಾ?"

"ಸುಮ್ಮನಿರಿ ಭಾವ. ಕೆಲಸ ಜಾಸ್ತಿ, ಅಷ್ಟೆ. ಬೆಳಗಾಯ್ತಾ?"

ಏಡಿಭಾವ ಕಣ್ಣುಗಳನ್ನು ಕಡ್ಡಿಯ ಮೇಲೆ ಎತ್ತಿ ಆಚೆ ಈಚೆ ನೋಡಿದ. "ನಿನ್ನೆಯ ಹಾಗೇ ಉಂಟು. ನಿನ್ನೆ ಬೆಳಗಾಗಿತ್ತಾ?"

"ನಿನ್ನೆ ಇಲ್ಲ."

"ಹಾಗಾದ್ರೆ ಇವತ್ತೂ ಇಲ್ಲ."

ಇಷ್ಟು ಸರಿಯಾದ ಲೆಕ್ಕಾಚಾರಕ್ಕೆ ಯಾರು ಏನು ಹೇಳಲಾದೀತು? ಸೋಸಕ್ಕ ಮತ್ತೆ ಕಾದಳು.

ಅವಳು ಹೀಗೆ ಕಾಯುತ್ತಿರುವಾಗಲೇ ಅಬ್ಬಲಿ ಮಂಕಾದಳು. ಮೊದಲು ಅವಳ ಕಾಲಬುಡದಲ್ಲಿ ಒಂದು ಕಂದು ಲೋಳೆ ಕಂಡಿತು. ಅದು ಮೆಲ್ಲಗೆ ಮೇಲೆ ಹತ್ತಿತು. ಅದು ಹತ್ತಿದಲ್ಲೆಲ್ಲ ಅಬ್ಬಲಿಯ ಪುಟ್ಟ ಬಾಯಿಗಳು ಮುಚ್ಚಿಕೊಂಡವು. ನೀರು ಮಾತ್ರ ಕನ್ನಡಿಯ ಹಾಗೇ ಇತ್ತು. ಆದರೆ ಏನೋ ನಾತ. ಮೀನುಗಳು ಮೂಗು ಮುರಿದವು. ಒಂದೊಂದಾಗಿ, ಹೇಳದೆ ಕೇಳದೆ ಕೇರಿ ಬಿಟ್ಟು ಹೋದವು. ಮೀನಿಗೆ ಈಜುರೆಕ್ಕೆ ಇದೆ, ಹೋಗಬಹುದು. ಹವಳಕ್ಕೆ ಕಾಲಿಲ್ಲ. ಅಂಟಿಕೊಂಡ ಕಲ್ಲೇ ಅದಕ್ಕೆ ಬಾಳುವ ಮನೆ, ಸಾಯುವ ಮನೆ.

"ಗುಡಿಸಿದ್ದು ಸಾಲಲಿಲ್ಲ," ಎಂದುಕೊಂಡಳು ಸೋಸಕ್ಕ. ಉಸಿರು ಬಿಗಿಹಿಡಿದು ನೀರೆಳೆದಳು. ಧೂಳಿನ ಕಣವನ್ನೂ ಬಿಡಲಿಲ್ಲ. ಅಬ್ಬಲಿಯ ಬಾಯಿಗೆ ಬೀಳಬೇಕಾದ ಚೂರುಪಾರೂ ಸೋಸಕ್ಕನ ಹೊಟ್ಟೆ ಸೇರಿತು.

"ದೊಡ್ಡಮ್ಮಾ, ಹಸಿವು," ಎಂದಳು ಅಬ್ಬಲಿ.

"ಸ್ವಲ್ಪ ತಾಳು ಕಂದಾ. ಮೊದಲು ಎಲ್ಲ ಚೊಕ್ಕ ಮಾಡ್ತೇನೆ."

ಏಡಿಭಾವನಿಗೂ ಈಗ ತಮಾಷೆ ಬರಲಿಲ್ಲ. "ನಂಗೆ ಇದು ಅರ್ಥ ಆಗುವುದಿಲ್ಲ ಸೋಸಕ್ಕ. ನೀರು ಇಷ್ಟು ಚಂದ ಉಂಟು, ಮಗು ಯಾಕೆ ಬಾಡ್ತದೆ? ಮೇಲೆ ಥಳಕು ಒಳಗೆ ಹುಳುಕು ಅಂತಾರಲ್ಲ, ಹಾಗೆ ಉಂಟು ಇದು."

ಸೋಸಕ್ಕನಿಗೆ ಸಿಟ್ಟು ಬಂತು. ಸಿಟ್ಟಿಗೆ ಯಾರಾದರೂ ಬೇಕಲ್ಲ, ಹೊಳೆ ಸಿಕ್ಕಿತು. ದ್ವೀಪದ ಎದುರಿಗೆ ಕಡಲು ಸೇರುತ್ತಿದ್ದ ಹೊಳೆಯಮ್ಮ ಆಗಷ್ಟೇ ಬಂಡೆಯ ಹತ್ತಿರ ಬಂದು ದಣಿವಾರಿಸಿಕೊಳ್ಳುತ್ತಿದ್ದಳು.

"ನಿಮ್ಮಿಂದಲೇ ಎಲ್ಲ!" ಎಂದಳು ಸೋಸಕ್ಕ. "ಗುಡ್ಡದ ಕಸ ಎಲ್ಲ ಹೊತ್ತು ತಂದು ನನ್ನ ಬಾಗಿಲಿಗೆ ಸುರಿಯುವುದು. ನನ್ನ ಮಗು ಸಾಯ್ತಾ ಉಂಟು!"

ಹೊಳೆಯಮ್ಮ ಜಗಳಕ್ಕೆ ಬರಲಿಲ್ಲ. ಬಹಳ ದೂರ ನಡೆದು ಬಂದವಳು, ಜಗಳ ಕಂಡವಳು. "ತರುವುದು ಹೌದು ಮಾರಾಯ್ತಿ. ಎಲೆ ತರ್ತೇನೆ, ಮಣ್ಣು ತರ್ತೇನೆ. ಆದರೆ ಬಂಡೆಯ ಆಚೆ ಬದಿಗೂ ಅದನ್ನೇ ತರುವುದು. ಅಲ್ಲಿಯ ಹವಳಗಳು ಗಟ್ಟಿಮುಟ್ಟಾಗಿ ಉಂಟು. ಅಲ್ಲಿ ಸೋಸುವವರು ಒಬ್ಬರೂ ಇಲ್ಲ."

ಆಮೇಲೆ ಅವಳು ಅಬ್ಬಲಿಯ ಸುತ್ತ ಮೆಲ್ಲಗೆ ಹರಿದಳು. ಮೂಸಿ ನೋಡಿದಳು. ಸೋಸಕ್ಕನ ಬಳಿಗೆ ಬಂದು ಅವಳ ಬಾಯಿಯನ್ನೂ ಮೂಸಿದಳು.

"ಹೇಳಿದ್ರೆ ಬೇಜಾರು ಮಾಡ್ಬೇಡ. ನಾತ ನಿನ್ನ ಉಸಿರಿಂದ ಬರ್ತಾ ಉಂಟು."

"ನನ್ನ ಉಸಿರಿಂದ? ಒಂದು ಚೂರು ಕಸ ನಾನು ಹೊರಗೆ ಬಿಟ್ಟಿಲ್ಲ!"

"ಬಿಟ್ಟಿಲ್ಲ, ಅದೇ. ಹಿಡಿದದ್ದನ್ನು ಎಂತ ಮಾಡಿದೆ?"

"ಬೆಳಗಾಗಲಿ ಅಂತ ಇಟ್ಟಿದ್ದೇನೆ."

"ಹಸಿ ಎಲೆಯನ್ನು ಗಡಿಗೆಗೆ ತುಂಬಿ ಮುಚ್ಚಿಟ್ರೆ ಎಂತ ಆಗ್ತದೆ? ಕೊಳೀತದೆ. ಕೊಳೆತದ್ದು ನೀರಲ್ಲಿ ಕರಗ್ತದೆ. ಕರಗಿದ್ದು ಕಣ್ಣಿಗೆ ಕಾಣುವುದಿಲ್ಲ, ಅದಕ್ಕೆ ನೀರು ತಿಳಿಯಾಗಿಯೇ ಉಂಟು. ನೀನು ಉಸಿರು ಬಿಟ್ಟಾಗೆಲ್ಲ ಅದೇ ಮಗುವಿನ ಮೈಮೇಲೆ ಹೋಗ್ತದೆ. ಆ ಲೋಳೆ ಕೊಬ್ಬಿದ್ದು ಅದನ್ನು ಕುಡಿದೇ."

ಸೋಸಕ್ಕನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು. ಮಗುವಿಗಾಗಿ ಗುಡಿಸಿದ್ದೇ ಮಗುವಿಗೆ ವಿಷವಾಗಿತ್ತು. ಅವಳು ಬಾಯಿ ತೆರೆದು ಎಲ್ಲವನ್ನೂ ಕಾರಿಬಿಡಲು ನೋಡಿದಳು. ಆಗಲಿಲ್ಲ. ಕಸ ಒಂದರ ಮೇಲೊಂದು ಬಿಗಿದು ಕೂತಿತ್ತು. ಒಂದೇ ಬಾಯಿಂದ ಅಷ್ಟು ಹೊರಗೆ ಬರುವ ಹಾಗಿರಲಿಲ್ಲ.

ಬಂಡೆಯ ಸಂದಿಯಲ್ಲಿ ಮುಳ್ಳಜ್ಜ ಇದ್ದ. ಚೆಂಡಿನಂತೆ ಉರುಟು, ಮೈಯೆಲ್ಲ ಸೂಜಿಯಂಥ ಮುಳ್ಳು. ಯಾರೂ ಅವನ ಹತ್ತಿರ ಸುಳಿಯುತ್ತಿರಲಿಲ್ಲ. ಸೋಸಕ್ಕ ಅವನನ್ನೇ ಕರೆದಳು.

"ಅಜ್ಜಾ, ಇಲ್ಲಿ ಬಂದು ನನ್ನ ಮೈ ಚುಚ್ಚಿ. ಎಲ್ಲ ಕಡೆಗೂ ಚುಚ್ಚಿ."

"ಹುಚ್ಚಾ ನಿಂಗೆ?" ಎಂದ ಮುಳ್ಳಜ್ಜ. "ಇಡೀ ಕಡಲಲ್ಲಿ ಇಷ್ಟು ನುಣುಪು ಮೈ ಯಾರಿಗೂ ಇಲ್ಲ. ಜರಡಿ ಆಗ್ತೀ ನೋಡು. ನೋವೂ ಆಗ್ತದೆ."

ಏಡಿಭಾವ ಓಡಿ ಬಂದ, ಅಡ್ಡಡ್ಡವಾಗಿಯೇ. "ಬೇಡ ಸೋಸಕ್ಕ! ಇನ್ನೂ ಬೆಳಗಾಗಲಿಲ್ಲ. ಈಗ ಹೊರಗೆ ಹಾಕಿದ್ರೆ ಸಿರಿ ಹೋಗ್ತದೆ. ಅಜ್ಜಿ ಹೇಳಿದ್ದು ಮರೆತುಹೋಯ್ತಾ?"

ಮರೆತಿರಲಿಲ್ಲ. ಹಿರಿಯರ ಮಾತು ಮೀರಿದವಳಲ್ಲ ಅವಳು. ಅವಳು ಅಬ್ಬಲಿಯ ಕಡೆ ನೋಡಿದಳು. ಲೋಳೆ ಕುತ್ತಿಗೆಯವರೆಗೆ ಹತ್ತಿತ್ತು. ಒಂದೇ ಒಂದು ಬಾಯಿ ಅರೆತೆರೆದಿತ್ತು.

"ಹೋಗಲಿ ಭಾವ," ಎಂದಳು ಸೋಸಕ್ಕ. "ಸಿರಿ ಹೇಗಿರ್ತದೆ ಅಂತ ನಾನು ನೋಡಿದವಳಲ್ಲ. ಈ ಮಗುವನ್ನು ನೋಡಿದ್ದೇನೆ. ಚುಚ್ಚಿ ಅಜ್ಜಾ."

ಮುಳ್ಳಜ್ಜ ಚುಚ್ಚಿದ. ಬೆನ್ನಿಗೆ ಚುಚ್ಚಿದ, ಹೊಟ್ಟೆಗೆ ಚುಚ್ಚಿದ, ಎಡಕ್ಕೆ ಬಲಕ್ಕೆ ಚುಚ್ಚಿದ. ಚುಚ್ಚುತ್ತ ಅವನೇ ಅತ್ತ. ಸೋಸಕ್ಕ ಅಳಲಿಲ್ಲ, ಕೂಗಿದಳು. ಅವಳ ಕೂಗಿಗೆ ದ್ವೀಪದ ಮೇಲಿನ ಹಕ್ಕಿಗಳು ಎದ್ದು ಹಾರಿದವು.

ತೂತುತೂತಿನಿಂದ ಕಸ ನುಗ್ಗಿ ಬಂತು. ಕನ್ನಡಿಯಂಥ ನೀರು ಕಪ್ಪಗೆ ಕದಡಿತು. ಏಡಿಭಾವ ಕಣ್ಣು ಮಡಚಿಕೊಂಡ. "ಹೋಯ್ತು, ಎಲ್ಲ ಹೋಯ್ತು," ಎಂದು ಗೊಣಗಿದ.

ಹೋಗಲಿಲ್ಲ. ತೀರಾ ಕೊಳೆತದ್ದನ್ನು ಅಲೆ ಬಂದು ಎತ್ತಿಕೊಂಡಿತು. ಗಾಳಿಯನ್ನು ಕರೆದು, ಇಬ್ಬರೂ ಸೇರಿ ಅದನ್ನು ಕಡೆದು ಕಡೆದು ನೊರೆ ಮಾಡಿ ದಡಕ್ಕೆ ಒಯ್ದು ಎಸೆದರು. ಉಳಿದದ್ದು ಮರಳಿನ ಮೇಲೆ ಇಳಿಯಿತು. ಇಳಿಯುವುದೇ ತಡ, ಮರಳು ಅಲುಗಾಡಿತು. ಅಡಿಯಿಂದ ಹುಳಗಳು ತಲೆ ಹಾಕಿದವು. ಪುಟಾಣಿ ಸಿಗಡಿಗಳು ಬಂದವು. ಸೌತೆಕಾಯಿಯಂಥ ಒಂದು ಸೋಮಾರಿ ಪ್ರಾಣಿಯೂ ಹೊರಳಿಕೊಂಡು ಬಂತು.

"ಊಟ ಬಂತಾ?" ಎಂದಿತು ಒಂದು ಹುಳ. "ಇಷ್ಟು ದಿನ ಎಲ್ಲಿ ಇಟ್ಟಿದ್ದೆ ಅಕ್ಕಾ? ನಾವು ಬರೀ ಮರಳು ನೆಕ್ಕಿಕೊಂಡು ಬದುಕಿದ್ದು."

ಸೋಸಕ್ಕನಿಗೆ ಆಗ ತಿಳಿಯಿತು. ತಾನು ಕಸ ಎಂದು ಬಚ್ಚಿಟ್ಟದ್ದು ಕೆಳಮನೆಯವರ ಅನ್ನವಾಗಿತ್ತು. ಅನ್ನ ಹೊತ್ತಿಗೆ ಸರಿಯಾಗಿ ಬಡಿಸಿದರೆ ಅನ್ನ. ಮುಚ್ಚಿಟ್ಟರೆ ಹಳಸು.

ಕೂಗು ಕೇಳಿ ಕಡಲಜ್ಜಿ ಬಂದೇ ಬಂದಳು. ಸೋಸಕ್ಕ ತಾನಾಗಿಯೇ ಒಪ್ಪಿಕೊಂಡಳು: "ತಪ್ಪಾಯ್ತು ಅಜ್ಜಿ. ಬೆಳಗಾಗುವ ಮೊದಲೇ ಹೊರಗೆ ಹಾಕಿದೆ."

ಕಡಲಜ್ಜಿ ಬಂಡೆಯ ಕೆಳಗೆ ಬಗ್ಗಿ ನೋಡಿದಳು. ಮೇಲೆ ಹೊತ್ತು ನೆತ್ತಿಗೆ ಬಂದಿತ್ತು. ಇಲ್ಲಿ ಮುಸ್ಸಂಜೆ.

"ಅಯ್ಯೋ ಮಗಳೇ," ಎಂದಳು. "ಕತ್ತಲೆಯಲ್ಲಿ ಗುಡಿಸಿದ್ರೆ ಕಸದ ಒಟ್ಟಿಗೆ ಮೂಗುತಿ, ಮಣಿ ಹೋದೀತು, ಬೆಳಕಲ್ಲಿ ನೋಡಿ ಹಾಕಲಿ ಅಂತ ಆ ಮಾತು ಹೇಳಿದ್ದು. ಬೆಳಗೇ ಆಗದ ಜಾಗ ಉಂಟು ಅಂತ ನಂಗೆ ಎಲ್ಲಿ ಗೊತ್ತು? ಒಮ್ಮೆ ಬಂದು ನೋಡಬೇಕಿತ್ತು ನಾನು." ಅವಳು ಸೋಸಕ್ಕನ ಮೈ ಸವರಿದಳು. "ಎಷ್ಟು ನೊಂದುಕೊಂಡೆ. ಬಾ, ಈ ತೂತುಗಳನ್ನೆಲ್ಲ ಮುಚ್ಚಿ ಕೊಡ್ತೇನೆ. ಮೊದಲಿನ ಹಾಗೆ ನುಣ್ಣಗೆ ಆಗ್ತೀ."

ಆಸೆಯಾಗದೆ ಇರುತ್ತದೆಯೇ? ಮೈಯೆಲ್ಲ ಉರಿಯುತ್ತಿತ್ತು. ಸೋಸಕ್ಕ ಹೂಂ ಎನ್ನುವವಳಿದ್ದಳು.

ಆಗ ಅವಳ ಬಲಗಡೆಯ ಒಂದು ಸಣ್ಣ ತೂತಿನಿಂದ ಒಂದು ಚೂರು ಹೊರಬಂತು. ಅಗುಳಿಗಿಂತ ಚಿಕ್ಕ ಚೂರು. ತೇಲಿತು, ತಿರುಗಿತು, ಅಬ್ಬಲಿಯ ಆ ಅರೆತೆರೆದ ಬಾಯಿಯ ಹತ್ತಿರ ಬಂತು. ಬಾಯಿ ಅದನ್ನು ಮೆಲ್ಲಗೆ ಹಿಡಿಯಿತು.

ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಪಕ್ಕದ ಬಾಯಿಯೊಂದು ತೆರೆಯಿತು.

"ದೊಡ್ಡಮ್ಮಾ, ಇನ್ನೊಂದು."

ಸೋಸಕ್ಕ ಈಗ ಅತ್ತಳು. ಮೈಯ ತೂತುಗಳಿಂದೆಲ್ಲ ಅತ್ತಳು.

"ಮುಚ್ಚಬೇಡಿ ಅಜ್ಜಿ," ಎಂದಳು. "ಹೀಗೇ ಇರಲಿ. ಮುಚ್ಚಿದ್ರೆ ನಾನು ಮತ್ತೆ ಕೂಡಿಡ್ತೇನೆ, ನನ್ನ ಬುದ್ಧಿ ನಂಗೆ ಗೊತ್ತುಂಟು."

ಕಡಲಜ್ಜಿ ಆ ಗಾಯಗಳಿಗೆ ಉಪ್ಪು ನೀರು ಸವರಿ, ನೋವನ್ನು ಮಾತ್ರ ತೆಗೆದುಕೊಂಡು ಹೋದಳು. ತೂತುಗಳನ್ನು ಹಾಗೇ ಬಿಟ್ಟಳು.

ಅದಕ್ಕೇ ಇವತ್ತಿಗೂ ಸ್ಪಂಜಿನ ಮೈತುಂಬ ತೂತು. ಈಗ ಕಡಲ ನೀರು ಆ ಸಣ್ಣ ತೂತುಗಳಿಂದ ಒಳಗೆ ಹೋಗಿ ತಲೆಯ ಮೇಲಿನ ದೊಡ್ಡ ಬಾಯಿಂದ ಹೊರಗೆ ಬರುತ್ತಲೇ ಇರುತ್ತದೆ, ಹಗಲೂ ಇರುಳೂ; ಒಳಗೆ ಏನೂ ಕೂಡಿ ಕೊಳೆಯುವುದಿಲ್ಲ. ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವವರು ನೀರು ಸೋಸುವ ಸ್ಪಂಜಿನ ತುಂಡನ್ನು ಆಗಾಗ ತೆಗೆದು ಹಿಂಡಿ ತೊಳೆಯುವುದೂ ಹಿಡಿದ ಕಸ ಒಳಗೇ ಕೊಳೆಯದಿರಲೆಂದೇ. ನೀವೂ ಬೇಕಾದರೆ ಒಂದು ಸ್ಪಂಜನ್ನು ನೀರಲ್ಲಿ ಅದ್ದಿ ಅಂಗೈಯಲ್ಲಿ ಹಿಡಿದು ನೋಡಿ: ಹೊಟ್ಟೆ ತುಂಬ ಕುಡಿದಿರುತ್ತದೆ, ಆದರೆ ಮೆಲ್ಲಗೆ ಒತ್ತಿದರೆ ಸಾಕು, ಕುಡಿದದ್ದನ್ನೆಲ್ಲ ಕೊಟ್ಟುಬಿಡುತ್ತದೆ.